ಕಡಲು ಎಷ್ಟು ಏರೀತು? ಉತ್ತರ ಒಂದಲ್ಲ, ಹಲವು

ಕಡಲ ಮಟ್ಟ ಏರುತ್ತಿರುವ ಸುದ್ದಿ ಬಂದಾಗಲೆಲ್ಲ ಓದುಗರನ್ನು ಗೊಂದಲಕ್ಕೆ ಕೆಡಹುವುದು ಅದರಲ್ಲಿನ ಅಂಕಿಗಳು. ಒಂದು ವರದಿ ಅರ್ಧ ಮೀಟರ್ ಎನ್ನುತ್ತದೆ, ಇನ್ನೊಂದು ಎರಡು ಮೀಟರ್, ಮತ್ತೊಂದು ಹದಿನೈದು ಮೀಟರ್. ವಿಜ್ಞಾನಿಗಳಲ್ಲೇ ಒಮ್ಮತವಿಲ್ಲವೆಂದು ಸುದ್ದಿಯನ್ನು ಬದಿಗಿಡುವವರೂ ಉಂಟು. ವಾಸ್ತವದಲ್ಲಿ ಈ ಅಂಕಿಗಳು ಪರಸ್ಪರ ವಿರುದ್ಧವಾದವುಗಳಲ್ಲ. ಬೇರೆ ಬೇರೆ ಪ್ರಶ್ನೆಗಳಿಗೆ ದೊರೆತ ಉತ್ತರಗಳು. ಯಾವ ವರ್ಷಕ್ಕೆ, ಎಷ್ಟು ಹೊಗೆ ಉಗುಳಿದರೆ, ಎಷ್ಟು ಖಚಿತವಾಗಿ ಎಂಬುದನ್ನು ಕೇಳದೆ ಅಂಕಿಯನ್ನಷ್ಟೇ ಹಿಡಿದರೆ ದಾರಿ ತಪ್ಪುವುದು ಸಹಜ.

ಮೊದಲು, ಈಗಾಗಲೇ ಆಗಿರುವುದೇನು? 1901ರಿಂದ 2018ರವರೆಗೆ ಜಗತ್ತಿನ ಸರಾಸರಿ ಕಡಲ ಮಟ್ಟ ಸುಮಾರು 20 ಸೆಂಟಿಮೀಟರ್ ಏರಿದೆ. 1971ರವರೆಗೆ ವರ್ಷಕ್ಕೆ 1.3 ಮಿಲಿಮೀಟರ್ ಇದ್ದ ಏರಿಕೆಯ ವೇಗ, 2006ರಿಂದ 2018ರ ಅವಧಿಯಲ್ಲಿ 3.7 ಮಿಲಿಮೀಟರ್‌ಗೆ ಮುಟ್ಟಿತು. 1971ರಿಂದೀಚಿನ ಏರಿಕೆಯಲ್ಲಿ ಅರ್ಧದಷ್ಟಕ್ಕೆ ಕಾರಣ, ನೀರು ಬಿಸಿಯಾಗಿ ಹಿಗ್ಗಿದ್ದು. ಉಳಿದದ್ದು ಪರ್ವತಗಳ ಹಿಮನದಿಗಳು, ಗ್ರೀನ್‌ಲ್ಯಾಂಡ್ ಮತ್ತು ಅಂಟಾರ್ಕ್ಟಿಕದ ಹಿಮರಾಶಿಗಳು ಕಳೆದುಕೊಂಡ ನೀರು; ಒಂದು ಸಣ್ಣ ಪಾಲು ನಾವು ನೆಲದಡಿಯಿಂದ ಮೇಲೆತ್ತಿ ಹರಿಯಬಿಟ್ಟ ಅಂತರ್ಜಲದ್ದು. ಕೊಳವೆಬಾವಿಯ ನೀರೂ ಕೊನೆಗೆ ಸೇರುವುದು ಕಡಲನ್ನೇ.

ಇನ್ನು ಭವಿಷ್ಯ. ವಿಶ್ವಸಂಸ್ಥೆಯ ಹವಾಮಾನ ಬದಲಾವಣೆ ಕುರಿತ ಅಂತರಸರ್ಕಾರಿ ಸಮಿತಿ (ಐಪಿಸಿಸಿ) 2021ರ ವರದಿಯಲ್ಲಿ ಹಸಿರುಮನೆ ಅನಿಲಗಳ ಐದು ಸಂಭಾವ್ಯ ಹಾದಿಗಳನ್ನು ಮುಂದಿಟ್ಟಿತು. ಇವು ಭವಿಷ್ಯವಾಣಿಗಳಲ್ಲ, ಹೀಗಾದರೆ ಹೀಗೆ ಎಂಬ ಲೆಕ್ಕಗಳು. 1995-2014ರ ಸರಾಸರಿಗೆ ಹೋಲಿಸಿದರೆ, 2050ರ ವೇಳೆಗೆ ಅತಿ ಕಡಿಮೆ ಹೊರಸೂಸುವಿಕೆಯ ಹಾದಿಯಲ್ಲಿ ಏರಿಕೆಯ ಮಧ್ಯಮ ಅಂದಾಜು 18 ಸೆಂಟಿಮೀಟರ್, ಅತಿ ಹೆಚ್ಚಿನ ಹಾದಿಯಲ್ಲಿ 23. ಅಂತರ ಬರೀ ಐದು! ಇದನ್ನು ಕಂಡು, ಹೊಗೆ ತಗ್ಗಿಸಿ ಏನು ಪ್ರಯೋಜನ ಎನ್ನುವವರು ಮುಂದಿನ ಸಾಲನ್ನೂ ಓದಬೇಕು. 2100ಕ್ಕೆ ಮೊದಲ ಹಾದಿಯ ಸಂಭವನೀಯ ವ್ಯಾಪ್ತಿ 28ರಿಂದ 55 ಸೆಂಟಿಮೀಟರ್. ಮಧ್ಯದ ಹಾದಿಯದು 44ರಿಂದ 76. ಕಡೆಯದು 63ರಿಂದ 101.

ಹಾದಿಗಳು ಇಷ್ಟು ತಡವಾಗಿ ಕವಲೊಡೆಯಲು ಕಾರಣ ಕಡಲಿನ ಜಡತ್ವ. ಭೂಮಿಯಲ್ಲಿ ಶೇಖರವಾಗುತ್ತಿರುವ ಹೆಚ್ಚುವರಿ ಶಾಖದಲ್ಲಿ ಶೇ 90ಕ್ಕೂ ಹೆಚ್ಚನ್ನು ಕಡಲೇ ನುಂಗಿಕೊಂಡಿದೆ. ಆ ಶಾಖ ಆಳಕ್ಕಿಳಿಯಲು ಶತಮಾನಗಳೇ ಬೇಕು. ಮೇಲಿನ ಗಾಳಿ ತಣಿದರೂ ಕೆಳಗಿನ ನೀರು ಹಿಗ್ಗುತ್ತಲೇ ಇರುತ್ತದೆ.

ಲೆಕ್ಕ ನಿಜಕ್ಕೂ ತೊಡಕಾಗುವುದು ಹಿಮದ ವಿಷಯದಲ್ಲಿ. ಪಶ್ಚಿಮ ಅಂಟಾರ್ಕ್ಟಿಕದ ಹಿಮರಾಶಿಯ ಬಹುಭಾಗ ಕುಳಿತಿರುವುದು ಸಮುದ್ರಮಟ್ಟಕ್ಕಿಂತ ಕೆಳಗಿನ ನೆಲದ ಮೇಲೆ. ಹಲವೆಡೆ ಆ ನೆಲ ಒಳಭಾಗಕ್ಕೆ ಹೋದಂತೆ ಮತ್ತಷ್ಟು ಇಳಿಜಾರಾಗುತ್ತದೆ. ಬೆಚ್ಚನೆಯ ನೀರು ಹಿಮದ ಅಂಚನ್ನು ತಿಂದು ಹಿಂದಕ್ಕೆ ಸರಿಸಿದಷ್ಟೂ ದಪ್ಪನಾದ ಹಿಮ ಕಡಲಿಗೆ ಎದುರಾಗಿ, ಕುಸಿತ ತನ್ನಷ್ಟಕ್ಕೆ ತಾನೇ ಮುಂದುವರಿಯಬಹುದು. ಐಪಿಸಿಸಿಯ 2007ರ ವರದಿ ಹಿಮಪ್ರವಾಹದ ಇಂಥ ವೇಗವರ್ಧನೆಯನ್ನು ಹೊರಗಿಟ್ಟೇ 18ರಿಂದ 59 ಸೆಂಟಿಮೀಟರ್ ಎಂದಿತ್ತು. 2016ರಲ್ಲಿ ರಾಬರ್ಟ್ ಡಿಕಾಂಟೊ ಮತ್ತು ಡೇವಿಡ್ ಪೊಲಾರ್ಡ್ ‘ನೇಚರ್’ ಪತ್ರಿಕೆಯಲ್ಲಿ, ಎತ್ತರದ ಹಿಮಗೋಡೆಗಳು ತಮ್ಮ ಭಾರಕ್ಕೇ ಉರುಳುವ ಸಾಧ್ಯತೆಯನ್ನು ಸೇರಿಸಿ, ಅಂಟಾರ್ಕ್ಟಿಕವೊಂದರಿಂದಲೇ ಈ ಶತಮಾನದಲ್ಲಿ ಒಂದು ಮೀಟರಿಗೂ ಹೆಚ್ಚು ಏರಿಕೆಯಾಗಬಹುದೆಂದರು. ಈ ವಾದದ ಕುರಿತು ಚರ್ಚೆ ಇನ್ನೂ ಮುಗಿದಿಲ್ಲ. ಆದ್ದರಿಂದಲೇ 2021ರ ವರದಿ ಇದನ್ನು ಮುಖ್ಯ ಅಂದಾಜಿನೊಳಗೆ ಬೆರೆಸದೆ ಪಕ್ಕಕ್ಕಿಟ್ಟು ಹೇಳಿತು: ಅತಿ ಹೆಚ್ಚಿನ ಹೊರಸೂಸುವಿಕೆಯಲ್ಲಿ 2100ಕ್ಕೆ ಎರಡು ಮೀಟರ್ ಸಮೀಪಿಸುವುದನ್ನು, 2300ಕ್ಕೆ ಹದಿನೈದು ಮೀಟರ್ ಮೀರುವುದನ್ನು ತಳ್ಳಿಹಾಕುವಂತಿಲ್ಲ. ಶೀರ್ಷಿಕೆಗಳಿಗೆ ಏರುವುದು ಸಾಮಾನ್ಯವಾಗಿ ಈ ಅಂಕಿಗಳೇ.

ದೀರ್ಘಾವಧಿಯ ಲೆಕ್ಕ ಇನ್ನೂ ಗಂಭೀರ. ತಾಪಮಾನದ ಏರಿಕೆ 1.5 ಡಿಗ್ರಿಗೆ ನಿಂತರೂ ಮುಂದಿನ 2000 ವರ್ಷಗಳಲ್ಲಿ ಕಡಲು ಎರಡರಿಂದ ಮೂರು ಮೀಟರ್ ಏರುತ್ತದೆ. 2 ಡಿಗ್ರಿಯಾದರೆ ಎರಡರಿಂದ ಆರು. 5 ಡಿಗ್ರಿಯಾದರೆ 19ರಿಂದ 22 ಮೀಟರ್. ಇದಕ್ಕೆ ಭೂಚರಿತ್ರೆಯ ಸಾಕ್ಷ್ಯವೂ ಇದೆ. ಸುಮಾರು 1,25,000 ವರ್ಷಗಳ ಹಿಂದೆ, ಕೈಗಾರಿಕಾಪೂರ್ವ ಕಾಲಕ್ಕಿಂತ ಕೊಂಚವೇ ಬಿಸಿಯಾಗಿದ್ದ ಭೂಮಿಯಲ್ಲಿ ಕಡಲು ಇಂದಿನದಕ್ಕಿಂತ ಐದರಿಂದ ಹತ್ತು ಮೀಟರ್ ಮೇಲಿತ್ತು.

ಜಾಗತಿಕ ಸರಾಸರಿಯನ್ನು ನಮ್ಮೂರ ಕಡಲತೀರಕ್ಕೆ ನೇರವಾಗಿ ಅನ್ವಯಿಸುವಂತಿಲ್ಲ. ಅಗಾಧ ಹಿಮರಾಶಿ ತನ್ನ ಗುರುತ್ವದಿಂದ ಸುತ್ತಲಿನ ನೀರನ್ನು ಸೆಳೆದಿಟ್ಟುಕೊಂಡಿರುತ್ತದೆ. ಅದು ಕರಗಿದಾಗ ಹತ್ತಿರದ ಕಡಲು ಇಳಿದು, ದೂರದ ಕಡಲು ಸರಾಸರಿಗಿಂತ ಹೆಚ್ಚು ಏರುತ್ತದೆ. ಜಕಾರ್ತದಂತಹ ನಗರಗಳಲ್ಲಿ ಅಂತರ್ಜಲ ಬರಿದಾಗಿ ನೆಲವೇ ಕುಸಿಯುತ್ತಿದೆ. ಇತ್ತ ಉಳ್ಳಾಲದಲ್ಲಿ ಪ್ರತಿ ಮಳೆಗಾಲದ ಕಡಲ್ಕೊರೆತಕ್ಕೆಲ್ಲ ಮಟ್ಟ ಏರಿಕೆಯೊಂದನ್ನೇ ಹೊಣೆಯಾಗಿಸುವುದೂ ಸರಿಯಲ್ಲ. ಅಲೆಗಳ ಅಬ್ಬರ, ಮರಳಿನ ಚಲನೆ, ನದೀಮುಖದ ತಡೆಗೋಡೆಗಳ ಪಾತ್ರವೂ ಅದರಲ್ಲಿದೆ.

ಹಾಗಾದರೆ ಸೇತುವೆ, ಬಂದರು ಕಟ್ಟುವವರು ಯಾವ ಅಂಕಿಯನ್ನು ನಂಬಬೇಕು? ಮೂವತ್ತು ವರ್ಷ ಬಾಳುವ ಕಾಮಗಾರಿಗೆ ಹಾದಿಗಳ ವ್ಯತ್ಯಾಸ ಬಹುಮಟ್ಟಿಗೆ ಗೌಣ. ನೂರು ವರ್ಷ ನಿಲ್ಲಬೇಕಾದ್ದಕ್ಕೆ ಎರಡು ಮೀಟರಿನ ಸಾಧ್ಯತೆಯನ್ನೂ ತೂಗಿ ನೋಡಲೇಬೇಕು. ಲಂಡನ್ ನಗರಕ್ಕಾಗಿ ಥೇಮ್ಸ್ ನದಿಯ ಪ್ರವಾಹ ತಡೆಗೆ ರೂಪಿಸಿ 2012ರಲ್ಲಿ ಪ್ರಕಟಿಸಲಾದ ಯೋಜನೆ ಯಾವುದೇ ಒಂದು ಅಂಕಿಗೆ ಅಂಟಿಕೊಂಡಿಲ್ಲ. ಕಡಲನ್ನು ನಿರಂತರ ಅಳೆಯುತ್ತ, ಏರಿಕೆ ನಿರೀಕ್ಷೆಗಿಂತ ವೇಗವಾದರೆ ಮುಂದಿನ ಕಾಮಗಾರಿಯ ತೀರ್ಮಾನವನ್ನು ಹಿಂದಕ್ಕೆಳೆದುಕೊಳ್ಳುವ, ನಿಧಾನವಾದರೆ ಮುಂದೂಡುವ ಏರ್ಪಾಡು ಅದರದು.