ಆಕಾಶಕ್ಕೂ ಬೇಲಿಯುಂಟು

ಕಳೆದ ಮಾಘಮಾಸದಲ್ಲಿ ನಮ್ಮ ಮಾಧವರಂ ಸೀಮೆಯಲ್ಲೊಂದು ಮದುವೆ ನಡೆಯಿತು. ದಿಬ್ಬಣದ ಚಿತ್ರ ತೆಗೆಯಲು ಬಂದ ತರುಣನು ಡ್ರೋನ್ ಹಾರಿಸಿದನು. ಜೇನುಹುಳುವಿನಂತೆ ಗುಂಯ್‌ಗುಡುತ್ತ ಅದು ದಿಬ್ಬಣವನ್ನು ಬಿಟ್ಟು ಮನೆಗಳ ಹಿತ್ತಿಲತ್ತ ಸರಿಯಿತು. ನಮ್ಮ ಹಳ್ಳಿಯ ಬಚ್ಚಲುಗಳಿಗೆ ಗೋಡೆಯುಂಟು, ಮೇಲೆ ಮುಚ್ಚಿಗೆಯಿಲ್ಲ. ಒಳಗಿದ್ದ ಹೆಣ್ಣುಮಗಳೊಬ್ಬಳು ಚೀರಿದಳು. ಚಪ್ಪರದಲ್ಲಿದ್ದವರು ನಕ್ಕರು; ಅವರೊಡನೆ ನಾವೂ ನಕ್ಕೆವೆಂದು ಹೇಳಿಕೊಳ್ಳಲು ಇಂದು ನಾಚಿಕೆಯಾಗುತ್ತದೆ.

ಆ ನಗೆಯ ಅವಿವೇಕವು ಕಾನೂನನ್ನು ಓದಿದ ಮೇಲೆ ತಿಳಿಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 77ನೆಯ ಕಲಮಿನಂತೆ, ಸ್ನಾನಾದಿ ಏಕಾಂತದಲ್ಲಿರುವ ಸ್ತ್ರೀಯನ್ನು ಇಣುಕಿ ನೋಡುವುದೂ ಅವಳ ಚಿತ್ರ ತೆಗೆಯುವುದೂ ಅಪರಾಧ. ಮೊದಲ ಸಲ 1ರಿಂದ 3 ವರ್ಷ, ಮರುಕಳಿಸಿದರೆ 3ರಿಂದ 7 ವರ್ಷ ಸೆರೆವಾಸ, ಜೊತೆಗೆ ಜುಲ್ಮಾನೆ. ಕಣ್ಣು ಗೋಡೆಯ ಬಿರುಕಿನಲ್ಲಿತ್ತೋ ಆಕಾಶದಲ್ಲಿತ್ತೋ ಎಂಬ ಭೇದ ಅಲ್ಲಿಲ್ಲ.

ಗಡಿನಾಡಿನವರಿಗೆ ಇನ್ನೊಂದು ಸಂದೇಹ ಸಹಜ. ತುಂಗಭದ್ರೆಯ ಆಚೆ ರಾಯಚೂರು ಜಿಲ್ಲೆ, ಈಚೆ ಕರ್ನೂಲು ಜಿಲ್ಲೆ; ಹಾರುವ ಯಂತ್ರಕ್ಕೆ ಯಾವ ರಾಜ್ಯದ ಕಟ್ಟಳೆ? ವಿಮಾನಯಾನವು ಸಂವಿಧಾನದ ಕೇಂದ್ರ ಪಟ್ಟಿಯ ವಿಷಯವಾದುದರಿಂದ 2021ರ ಡ್ರೋನ್ ನಿಯಮಗಳು ಎರಡು ದಡಗಳಿಗೂ ಒಂದೇ. 250 ಗ್ರಾಮಿಗಿಂತ ಭಾರವಾದ ಡ್ರೋನಿಗೆ ನೋಂದಣಿ ಸಂಖ್ಯೆ ಬೇಕು. ಅದನ್ನು ಸಂಪಾದನೆಗಾಗಿ ಹಾರಿಸುವವನಿಗೆ ಪ್ರಮಾಣಪತ್ರ ಬೇಕು. ಪ್ರಮಾಣಪತ್ರಕ್ಕೆ 18 ವರ್ಷ ತುಂಬಿ, 10ನೆಯ ತರಗತಿ ತೇರ್ಗಡೆಯಾಗಿ, ತರಬೇತಿ ಪಡೆದಿರಬೇಕು. ನಿಯಮ ಮೀರಿದರೆ 1 ಲಕ್ಷ ರೂಪಾಯಿವರೆಗೆ ದಂಡ. ತುರ್ತು ಸಂದರ್ಭದಲ್ಲಿ ಪೊಲೀಸ್ ವರಿಷ್ಠಾಧಿಕಾರಿಯ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿಯು ಒಂದು ಪ್ರದೇಶವನ್ನು 96 ಗಂಟೆಗಳವರೆಗೆ ಕೆಂಪು ವಲಯವೆಂದು ಸಾರಬಹುದು. ಆದುದರಿಂದ ಆಚೆ ದಡದಲ್ಲಿ ತಡೆಯಿಲ್ಲದ ದಿನವೇ ಈಚೆ ದಡದಲ್ಲಿ ನಿಷೇಧವಿರುವುದು ಸಾಧ್ಯ.

ಯಂತ್ರವನ್ನೇ ಹಳಿಯಬೇಕಾಗಿಲ್ಲ. ಹೊಲಕ್ಕೆ ಔಷಧಿ ಸಿಂಪಡಿಸಲು ಅದು ಒದಗುತ್ತದೆ. 15,000 ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಒದಗಿಸುವ ಯೋಜನೆಗೆ ಕೇಂದ್ರ ಸರಕಾರವು 2023ರ ನವೆಂಬರಿನಲ್ಲಿ ಒಪ್ಪಿಗೆ ಕೊಟ್ಟಿತು. ಹೆಣ್ಣುಮಕ್ಕಳ ಕೈಗೆ ದುಡಿಮೆಯಾಗಿ ಬರಬೇಕಾದುದು ಅವರ ಮಾನಕ್ಕೆ ಕುತ್ತಾಗಬಾರದು.

ಮದುವೆಯ ಮರುದಿನ ಆ ಹುಡುಗಿಯ ಮನೆಗೆ ಹೋದೆವು. ತಂದೆಯು ಬಚ್ಚಲಿಗೆ ತಗಡು ಹೊದಿಸುತ್ತಿದ್ದನು. “ತಪ್ಪು ಮಾಡಿದವರು ಯಾರೋ, ಖರ್ಚು ನಮ್ಮದಾಯಿತಲ್ಲ ಮೇಷ್ಟ್ರೇ” ಎಂದನು. ಕ್ಷಮೆ ಕೇಳಿ ಬಂದೆವು.

ವಾಚಕ ಬಂಧುಗಳೇ, ಮನೆಯ ಶುಭಕಾರ್ಯಕ್ಕೆ ಚಿತ್ರಗಾರನನ್ನು ಗೊತ್ತುಮಾಡುವಾಗಲೇ ಪ್ರಮಾಣಪತ್ರವನ್ನು ಕೇಳೋಣ. ಹಿತ್ತಿಲತ್ತ ಹಾಯಿಸಕೂಡದೆಂದು ಮುಂಚೆಯೇ ಹೇಳೋಣ. ಯಾರಾದರೂ ಮೀರಿದರೆ ನಗದೆ ಠಾಣೆಗೆ ದೂರು ಕೊಡೋಣ.