ಗಂಟೆ ಮೊಳಗಿದ ಮೇಲೂ ಬೆಂಕಿ

2019ರ ಮೇ ತಿಂಗಳಲ್ಲಿ ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಯ ಡೆನೇರಿಸ್, ಶರಣಾಗತಿಯ ಗಂಟೆ ಮೊಳಗಿದ ಮೇಲೂ ಡ್ರ್ಯಾಗನ್ ಏರಿ ರಾಜಧಾನಿಯನ್ನು ಸುಟ್ಟಳು. ಕೊನೆಯ ಸೀಸನ್ನನ್ನು ಹೊಸದಾಗಿ ತಯಾರಿಸಿ ಎಂಬ ಮನವಿಗೆ 10 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು. ಮೆಚ್ಚಿನ ನಾಯಕಿ ಕೆಟ್ಟವಳಾದಳೆಂಬ ಮುನಿಸಷ್ಟೇ ಇದು ಎಂದರೆ ತಪ್ಪಾಗುತ್ತದೆ. ಇದೇ ಪ್ರೇಕ್ಷಕರು ಮೊದಲ ಸೀಸನ್ನಿನಲ್ಲೇ ನಾಯಕನಂತಿದ್ದ ನೆಡ್ ಸ್ಟಾರ್ಕ್‌ನ ತಲೆ ಉರುಳಿದ್ದನ್ನು ಒಪ್ಪಿಕೊಂಡಿದ್ದರು. ಆ ಸಾವಿಗೆ ಅವನದೇ ನಿರ್ಧಾರಗಳು ದಾರಿ ಮಾಡಿದ್ದವು.

ಡೆನೇರಿಸ್‌ಳ ಕ್ರೌರ್ಯದ ಸುಳಿವು ಮೊದಲೇ ಇತ್ತಲ್ಲ ಎನ್ನಬಹುದು. ಇತ್ತು, ನಿಜ: ತಲೆಬಾಗದ ಟಾರ್ಲಿ ತಂದೆ-ಮಗನನ್ನು ಅವಳು ಸುಟ್ಟಿದ್ದಳು. ಆದರೆ ಮಣಿಯದ ಶತ್ರುವನ್ನು ಕೊಂದವಳು ಮಣಿದ ಊರಿನ ಮಕ್ಕಳನ್ನೂ ಸುಡುವಂಥವಳಾಗಿ ಮಾರ್ಪಟ್ಟದ್ದನ್ನು ಕಥೆ ಹಂತಹಂತವಾಗಿ ತೋರಿಸಬೇಕಿತ್ತು. 10 ಕಂತುಗಳಿರುತ್ತಿದ್ದ ಸೀಸನ್ ಕೊನೆಗೆ 6 ಕಂತುಗಳಿಗೆ ಇಳಿದಾಗ ಆ ವ್ಯವಧಾನವೇ ಹೋಯಿತು. ಮರುಚಿತ್ರೀಕರಣದ ಬೇಡಿಕೆ ಅತಿಯಾಯಿತು. ದೂರು ಮಾತ್ರ ನ್ಯಾಯವಾದದ್ದೇ.