ಮುಂಜಾನೆಯ ಪ್ಯಾಕ್

ನಾನು ಪುಣೆಯಲ್ಲಿ, ಅಕ್ಕನ ಮಗ ಹುಬ್ಬಳ್ಳಿಯಲ್ಲಿ. ರಾತ್ರಿ ಊಟವಾದ ಮೇಲೆ ಇಬ್ಬರೂ ಒಂದೇ ಪಾಸ್‌ವರ್ಡ್ ಹಾಕಿ ಮೊಬೈಲಿನಲ್ಲಿ ಆಟಕ್ಕೆ ಕೂರುತ್ತೇವೆ. ಆಟ, 2024ರಲ್ಲಿ ಬಂದ ‘ಪೋಕೆಮಾನ್ ಟಿಸಿಜಿ ಪಾಕೆಟ್’. ಕಾಗದದ ಕಾರ್ಡಿನ ಮೂಲ ಆಟಕ್ಕೆ 60 ಕಾರ್ಡು ಬೇಕು. ಇಲ್ಲಿ 20 ಸಾಕು. ಮೊದಲು 3 ಅಂಕ ಗಳಿಸಿದವರು ಗೆದ್ದಂತೆ. 12 ಗಂಟೆಗೊಮ್ಮೆ 5 ಕಾರ್ಡಿನ ಪ್ಯಾಕ್ ಪುಕ್ಕಟೆ. ಕಾಯಲಾಗದವರು ದುಡ್ಡು ಕೊಟ್ಟು ತೆರೆಯಬಹುದು.

ನಾಲ್ಕು ರಾತ್ರಿ ಸತತ ಸೋತು ನಾನೂ ದುಡ್ಡು ಕಟ್ಟಲು ಹೊರಟೆ. ಫೋನಿನಲ್ಲಿದ್ದ ಹುಡುಗ ತಡೆದ: “ಮಾಮಾ, ರೊಕ್ಕ ಯಾಕ ಹಾಕ್ತೀರಿ? ಮುಂಜಾನೆ ಪುಕ್ಕಟೆ ಸಿಗತೈತಲ್ಲ!”

ಮುಂಜಾನೆ ತೆರೆದೆ. ಬೇಕಾಗಿದ್ದ ಪಿಕಾಚು ಬರಲಿಲ್ಲ. ಐದನೇ ರಾತ್ರಿಯೂ ಸೋತೆ. ಅವನು ಹೊಟ್ಟೆ ಹಿಡಿದು ನಕ್ಕ. ಉಳಿದ ರೊಕ್ಕವನ್ನು ಹುಬ್ಬಳ್ಳಿಯ ಬಸ್ ಟಿಕೆಟ್ಟಿಗೆ ಎತ್ತಿಟ್ಟಿದ್ದೇನೆ.